ದವಡೆ ಹಾಲುಹಲ್ಲು ಕಿತ್ತರೆ ಅಲ್ಲಿಗೆ ಮುಗೀಲಿಲ್ಲ

ಮಾನ್ಯ ಸಂಪಾದಕರೇ,

"ಹೇಗೂ ಬೀಳೋ ಹಲ್ಲು ತಾನೇ, ಕೀಳಿಸಿಬಿಡಿ" ಅನ್ನೋದು ನಮ್ಮ ಮನೆಗಳಲ್ಲಿ ದಿನಾ ಕೇಳೋ ಮಾತು. ಮುಂದಿನ ಹಲ್ಲಿಗೆ ಹೆಚ್ಚುಕಮ್ಮಿ ಸರಿ, ಆದ್ರೆ ದವಡೆಯ ಹಾಲುಹಲ್ಲು 10-12 ವರ್ಷದವರೆಗೆ ಬಾಯಲ್ಲಿ ಇರಬೇಕಾದ್ದು. ನಾನು ಪ್ರೈಮರಿ ಸ್ಕೂಲ್ ಟೀಚರ್, ಎರಡನೇ ಕ್ಲಾಸಿಗೇ ಹುಳುಕು ಹಲ್ಲು ಕೀಳಿಸ್ಕೊಂಡು ಬಂದು ಬಿಸಿಯೂಟಕ್ಕೆ ಕೂತಾಗ ಒಂದೇ ಕಡೆ ಅಗಿಯೋ ಮಕ್ಕಳು ಪ್ರತಿ ವರ್ಷ ಸಿಗ್ತಾರೆ, ಅಪ್ಪ ಅಮ್ಮನ್ನ ಕೇಳಿದ್ರೆ ಕಿತ್ತ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳೇ ಇಲ್ಲ ಅಂತಾರೆ.

ಸುಮಾರು ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ಶಾಶ್ವತ ದವಡೆ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೇನೇ ಬರೋದ್ರಿಂದ ಎಷ್ಟೋ ಜನ ಅದನ್ನೂ ಹಾಲುಹಲ್ಲು ಅಂದ್ಕೊಂಡಿರ್ತಾರೆ. ಅದರ ಮುಂದಿನ ಹಾಲುಹಲ್ಲು ಹೋದ್ರೆ ಇದು ಖಾಲಿ ಜಾಗಕ್ಕೆ ವಾಲ್ಕೊಂಡು ಬರುತ್ತೆ, ಅದೂ ಕಿತ್ತ ಮೊದಲ ಆರು ತಿಂಗಳಲ್ಲೇ ಜಾಸ್ತಿ. ಆಮೇಲೆ ಅಲ್ಲಿ ಬರಬೇಕಾದ ಹಲ್ಲಿಗೆ ಜಾಗ ಇಲ್ದೆ ಅಡ್ಡ ಹುಟ್ಟುತ್ತೆ, ಇಲ್ಲಾ ಒಳಗೇ ಸಿಕ್ಕಾಕೊಳ್ಳುತ್ತೆ, ಕೊನೆಗೆ ವರ್ಷಗಟ್ಟಲೆ ಕ್ಲಿಪ್ಪು, ಆ ಖರ್ಚು ಕೂಲಿ ಮಾಡೋರು ಎಲ್ಲಿಂದ ತರಬೇಕು?

ಇದಕ್ಕೇ ಸ್ಪೇಸ್ ಮೇಂಟೇನರ್ ಅಂತ ಇರೋದು, ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ. ಪಕ್ಕದ ಹಲ್ಲಿಗೆ ಉಂಗುರದ ಥರ ಒಂದು ಸ್ಟೀಲ್ ಬ್ಯಾಂಡು, ಅದಕ್ಕೆ ಬೆಸೆದಿರೋ ತಂತಿ ಖಾಲಿ ಜಾಗ ದಾಟಿ ಮುಂದಿನ ಹಲ್ಲಿಗೆ ತಾಗ್ಕೊಂಡು ನಿಂತಿರುತ್ತೆ. ಅಳತೆ ತಗೊಂಡು ಮಾಡಿಸಿ ಸಿಮೆಂಟಲ್ಲಿ ಅಂಟಿಸ್ತಾರೆ. ಸ್ವಲ್ಪ ದಿನ ಮಗುವಿನ ನಾಲಗೆ ಅಲ್ಲೇ ಆಡ್ತಿರುತ್ತೆ, ಆಮೇಲೆ ರೂಢಿ ಆಗುತ್ತೆ. ಚಿಕ್ಕಿ, ಚೂಯಿಂಗ್ ಗಮ್ ತಿಂದ್ರೆ ಬ್ಯಾಂಡ್ ಕಿತ್ತು ಬರಬಹುದು, ಸಿಮೆಂಟ್ ಬಿಟ್ಟಿದ್ರೆ ಒಳಗೆ ಹುಳುಕು ಹಿಡಿಯುತ್ತೆ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ತೋರಿಸ್ಲೇಬೇಕು, ಹೊಸ ಹಲ್ಲು ಬರೋವಾಗ ತೆಗೆಸ್ಲೂಬೇಕು. ಎಲ್ಲಾ ಮಕ್ಕಳಿಗೂ ಬೇಕಾಗಲ್ಲ, ಎಕ್ಸ್‌ರೇಯಲ್ಲಿ ಹೊಸ ಹಲ್ಲು ಹೊರಗೆ ಬರೋ ಹಂತದಲ್ಲಿದ್ರೆ ಹಾಗೇ ಬಿಡಬಹುದು. ಇನ್ನು ಉಳಿಸೋಕೆ ಆಗೋ ಹಲ್ಲಾದ್ರೆ ಬೇರಿನ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕಿಸೋದೇ ಎಲ್ಲಕ್ಕಿಂತ ಒಳ್ಳೇದು, ಆ ಹಲ್ಲಿಗಿಂತ ಚೆನ್ನಾಗಿ ಜಾಗ ಕಾಯೋದು ಬೇರೆ ಯಾವುದೂ ಇಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಶಾಲೆಗಳಿಗೆ ಬಂದು ಹಲ್ಲೂ ನೋಡ್ತಾರೆ. ಹುಳುಕು ಬರ್ಕೊಳ್ಳೋ ಹಾಗೆ ದವಡೆ ಹಲ್ಲು ಇಲ್ದೇ ಇರೋದನ್ನೂ ಬರ್ಕೊಂಡು, ಬೇಗ ಡೆಂಟಿಸ್ಟ್ ಹತ್ರ ಕಳಿಸೋ ಹಾಗಾಗ್ಲಿ. ನಮ್ಮ ರಾಜ್ಯದಲ್ಲೇ ಬಡ ಹಿರಿಯರಿಗೆ ಹಲ್ಲಿನ ಸೆಟ್ ಕೊಡೋಕೆ ದಂತ ಭಾಗ್ಯ ಯೋಜನೆ ತಂದ್ರು, ತುಂಬಾ ಒಳ್ಳೆ ಕೆಲಸ, ಹಾಗೇ ತಾಲೂಕು ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಈ ತಂತಿನೂ ಫ್ರೀಯಾಗಿ ಹಾಕೋ ವ್ಯವಸ್ಥೆ ಆರೋಗ್ಯ ಇಲಾಖೆ ಮಾಡ್ಲಿ. ಅಲ್ಲೀವರೆಗೆ ಹಲ್ಲು ಕೀಳೋ ಡಾಕ್ಟರುಗಳು ಚೀಟಿಯಲ್ಲಿ ಮಾತ್ರೆ ಜೊತೆ ಇದನ್ನೂ ಒಂದು ಸಾಲು ಬರೆದು ಅಪ್ಪ ಅಮ್ಮಂಗೆ ಬಾಯಿಬಿಟ್ಟು ಹೇಳ್ಲಿ ಅಂತ ಕೈಮುಗಿದು ಕೇಳ್ಕೋತೀನಿ.

– ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾಸನ ಜಿಲ್ಲೆ