ಪಂಚಾಂಗದ ಪಕ್ಕ ಉಬ್ಬರ-ಇಳಿತವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮ ಕನ್ನಡ ಸಂಘದ 32 ಜನ ಮುಂಬಯಿಯಿಂದ ಅಲಿಬಾಗ್‌ಗೆ ಹೋಗಿದ್ದೆವು. ಗೇಟ್‌ವೇಯಲ್ಲಿ ಬೋಟು ಹತ್ತಿ, ಮಾಂಡ್ವಾದಲ್ಲಿ ಇಳಿದು, ಅಲ್ಲಿಂದ ಬಸ್ಸು. ಮಕ್ಕಳಿಗೆ ಸಮುದ್ರದ ನಡುವಿನ ಕುಲಾಬಾ ಕೋಟೆ ತೋರಿಸಬೇಕು ಎನ್ನುವುದೇ ಮುಖ್ಯ ಆಸೆ. ಶಿವಾಜಿ ಮಹಾರಾಜರ ಕಾಲದ ಕೋಟೆ ಅದು. ಆಮೇಲೆ ಮರಾಠರ ನೌಕಾ ಸರದಾರ ಕಾನ್ಹೋಜಿ ಆಂಗ್ರೆಯ ಹಡಗುಪಡೆಗೆ ನೆಲೆಯಾಗಿತ್ತು. ನೀರು ಇಳಿದಾಗ ಮರಳಿನ ಮೇಲೆ ನಡೆದೇ ಹೋಗಬಹುದು. ಕುದುರೆ ಗಾಡಿಗಳೂ ಓಡಾಡುತ್ತವೆ.

ನಾವು ದಡ ಮುಟ್ಟಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಕೋಟೆಯ ಸುತ್ತ ಬರೀ ನೀರು. ಗಾಡಿಯವರು ಕುದುರೆಗಳನ್ನು ನೆರಳಲ್ಲಿ ಕಟ್ಟಿ ಮಲಗಿದ್ದರು. ಟೂರಿನ ವ್ಯವಸ್ಥೆ ಮಾಡಿದವರನ್ನು ಕೇಳಿದರೆ, 'ಸ್ವಲ್ಪ ಹೊತ್ತು ಕಾಯಿರಿ, ಇಳಿಯುತ್ತದೆ' ಎಂದರು. ಸ್ವಲ್ಪ ಹೊತ್ತು ಅಂದರೆ ಎಷ್ಟು ಅಂತ ಅವರಿಗೂ ಗೊತ್ತಿರಲಿಲ್ಲ. ನಮ್ಮ ಜೊತೆ ಮಲ್ಪೆ ಕಡೆಯ ಒಬ್ಬರು ಹಿರಿಯ ಮೊಗವೀರ ದೊಡ್ಡಮ್ಮ ಬಂದಿದ್ದರು. ಅವರು ಸಂಘದ ಕಾರ್ಯದರ್ಶಿಯನ್ನು ನೋಡಿ, "ಹುಣ್ಣಿಮೆ ದಿನ ಮಧ್ಯಾಹ್ನ ಇಲ್ಲಿ ನೀರು ಇಳಿಯುದುಂಟಾ ಮಾರಾಯಾ? ನನ್ನತ್ರ ಒಂದು ಮಾತು ಕೇಳಬಾರದಿತ್ತಾ?" ಎಂದರು. ಎಳನೀರು ಕುಡಿದು, ದಡದಿಂದಲೇ ಫೋಟೊ ತೆಗೆದು ವಾಪಸ್ ಬಂದೆವು.

ಅಲ್ಲೇ ಬಲೆ ಸರಿಪಡಿಸುತ್ತಿದ್ದ ಇಲ್ಲಿನ ಮೀನುಗಾರರಾದ ಕೋಳಿ ಸಮುದಾಯದ ಒಬ್ಬ ಅಜ್ಜ ಲೆಕ್ಕ ಹೇಳಿಕೊಟ್ಟರು. ಮರಾಠಿಯಲ್ಲಿ ಉಬ್ಬರಕ್ಕೆ ಭರ್ತಿ, ಇಳಿತಕ್ಕೆ ಓಹೋಟಿ ಅನ್ನುತ್ತಾರಲ್ಲ, ಅದರ ಲೆಕ್ಕ. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ. ಸುಮಾರು ಅಷ್ಟು ಗಂಟೆಗೆ ಉಬ್ಬರ. ಚೌತಿ ಆದರೆ ನಾಲ್ಕರ ಮುಕ್ಕಾಲು ಭಾಗ ಮೂರು. ಮಧ್ಯಾಹ್ನ ಮೂರರ ಹೊತ್ತಿಗೆ ನೀರು ತುಂಬಿರುತ್ತದೆ, ಅದಕ್ಕೆ ಆರು ಗಂಟೆ ಮೊದಲು, ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಇಳಿದಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಹದಿನೈದರ ಮುಕ್ಕಾಲು ಭಾಗ ಹನ್ನೊಂದೂಕಾಲು. ನಾವು ಸರಿಯಾಗಿ ತುಂಬಿದ ಹೊತ್ತಿಗೇ ಹೋಗಿ ನಿಂತಿದ್ದೆವು! ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಉಬ್ಬರವೂ ದಿನಾ ಅಷ್ಟೇ ತಡವಾಗುತ್ತದೆ. ಹಾಗಾಗಿ ಒಂದು ವಾರ ಬಿಟ್ಟು ಹೋಗಿದ್ದರೆ ಅದೇ ಮಧ್ಯಾಹ್ನ ಇಳಿತ ಸಿಗುತ್ತಿತ್ತು. ಆದರೆ ಅಷ್ಟಮಿಯ ಹೊತ್ತಿಗೆ ನೀರು ಪೂರ್ತಿ ಹಿಂದೆ ಸರಿಯುವುದಿಲ್ಲ, ಕಾಲು ಒದ್ದೆಯಾಗುತ್ತದೆ. ಹಿಂದಿನ ದಿನವೇ ಹೋಗಿ ಉಳಿದು, ಚೌತಿಯ ಬೆಳಿಗ್ಗೆ ನಡೆದು ಹೋಗುವುದೇ ಒಳ್ಳೆಯದು ಎಂದು ಅಜ್ಜನ ಸಲಹೆ.

ಇದು ಅಲಿಬಾಗ್‌ನ ಕಥೆ ಮಾತ್ರ ಅಲ್ಲ. ಚಳಿಗಾಲದಲ್ಲಿ ಮುಂಬಯಿಯ ಶಿವಡಿ ದಡಕ್ಕೆ ಫ್ಲೆಮಿಂಗೊ ನೋಡಲು ಹೋಗುವವರಿಗೂ ಇದೇ ಪಾಡು. ನೀರು ತುಂಬಿದ್ದರೆ ಹಕ್ಕಿಗಳಿಗೆ ಮೇಯಲು ಕೆಸರೇ ಇರುವುದಿಲ್ಲ. ಪೂರ್ತಿ ಇಳಿದಿದ್ದರೆ ಅವು ದೂರದಲ್ಲಿ ಗುಲಾಬಿ ಚುಕ್ಕೆಗಳಂತೆ ಕಾಣುತ್ತವೆ ಅಷ್ಟೆ. ನಡುವಿನ ಹೊತ್ತು ಬೇಕು. ಐರೋಳಿಯಿಂದ ಠಾಣೆ ಖಾರಿಯ (ನೆಲದೊಳಕ್ಕೆ ಚಾಚಿದ ಸಮುದ್ರದ ಕವಲಿನ) ಅಭಯಾರಣ್ಯದೊಳಗೆ ಬೋಟಿನಲ್ಲಿ ಹೋಗುವುದಾದರೆ ಬೋಟು ತೇಲುವಷ್ಟು ನೀರಿರಬೇಕು. ಖಾರಿ ಒಂದೇ, ಹಕ್ಕಿಯೂ ಅದೇ, ಹೊತ್ತು ಮಾತ್ರ ಬೇರೆ. ಘಾರಾಪುರಿಗೆ, ಅಂದರೆ ಎಲಿಫೆಂಟಾಕ್ಕೆ, ಈ ತೊಂದರೆ ಕಡಿಮೆ. ಸೋಮವಾರ ಗುಹೆ ಮುಚ್ಚಿರುತ್ತದೆ ಎನ್ನುವುದು ನೆನಪಿದ್ದರೆ ಸಾಕು. ಐಹೊಳೆ ಶಾಸನದಲ್ಲಿ ನಮ್ಮ ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳಲ್ಲಿ ಹೋಗಿ ಮುತ್ತಿದ 'ಪುರಿ' ಇದೇ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಅವನ ನಾವಿಕರು ತಿಥಿ ನೋಡದೆ ಹೊರಟಿರಲಿಕ್ಕಿಲ್ಲ.

ಮಳೆಗಾಲದಲ್ಲಿ ಎಲ್ಲ ಪತ್ರಿಕೆಗಳೂ ಉಬ್ಬರದ ಸಮಯ ಹಾಕುತ್ತವೆ. ಇಂಥ ದಿನ 4.5 ಮೀಟರ್‌ಗಿಂತ ಎತ್ತರದ ಉಬ್ಬರ, ಎಚ್ಚರ ಅಂತ. ತಗ್ಗಿನಲ್ಲಿರುವ ಹಿಂದ್‌ಮಾತಾದಲ್ಲಿ ನೀರು ನಿಲ್ಲುತ್ತದೋ ಏನೋ ಅಂತ ನಾವೂ ಅದನ್ನೇ ನೋಡಿ ಮನೆಯಿಂದ ಹೊರಡುತ್ತೇವೆ. ಮಳೆ ನಿಂತು, ಜನ ಸಮುದ್ರದ ಕಡೆ ತಿರುಗಾಡಲು ಶುರು ಮಾಡುವ ಹೊತ್ತಿಗೆ ಆ ಸಾಲು ಮಾಯ. ಪ್ರವಾಸಿಗರಿಗೆ ಆಗಲೇ ಅಲ್ವಾ ಅದು ಬೇಕಾಗಿರುವುದು?

ನಿಮ್ಮಲ್ಲಿ ದಿನಾ ಪಂಚಾಂಗ ಬರುತ್ತದೆ. ರಾಹುಕಾಲ, ಗುಳಿಕಕಾಲ ಎಲ್ಲ ಇರುತ್ತವೆ. ಅದರ ಕೆಳಗೆ ಎರಡು ಸಾಲು ಸೇರಿಸಿ: ಇವತ್ತು ಉಬ್ಬರ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ. ಶನಿವಾರದ ಸಂಚಿಕೆಯಲ್ಲಿ ಭಾನುವಾರದ್ದನ್ನೂ ಹಾಕಿದರೆ ಇನ್ನೂ ಅನುಕೂಲ. ಗೇಟ್‌ವೇ ಮತ್ತು ಭಾವೂಚಾ ಧಕ್ಕಾದ (ಫೆರಿ ವಾರ್ಫ್) ಟಿಕೆಟ್ ಕಿಟಕಿಗಳ ಪಕ್ಕ ಒಂದು ಕರಿಹಲಗೆಯ ಮೇಲೆ ಇದನ್ನೇ ಬರೆದಿಡಲು ಸಂಬಂಧಪಟ್ಟವರಿಗೂ ನಿಮ್ಮ ಮೂಲಕ ಕೇಳುತ್ತೇನೆ.

ಸಂಘದ ಮುಂದಿನ ಪ್ರವಾಸ ಸಮುದ್ರದ ನಡುವಿನ ಇನ್ನೊಂದು ಕೋಟೆ ಮುರುಡ್-ಜಂಜೀರಾಕ್ಕೆ. ಈ ಸಲ ದಿನ ಗೊತ್ತು ಮಾಡುವ ಕೆಲಸವನ್ನು ದೊಡ್ಡಮ್ಮನಿಗೇ ಬಿಟ್ಟಿದ್ದೇವೆ.

ಇತಿ,
ನಿಮ್ಮ ಹಳೆಯ ಓದುಗ,
ಡೊಂಬಿವಲಿ