ಗೆಳೆಯನಿಗೊಂದು ಪತ್ರ: ಯಾರ ಕಿವಿ?

ಲೋ ಮಾರಾಯ,

ಹೋದ ವಾರ ನೀನು ಮೂರು ಸಲ ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಕೋಪ ಅಂದ್ಕೋಬೇಡ. ಮಲಗಿದ್ದೆ. ಹೌದು, ನಾನೇ. ಹಾಡುಹಗಲಲ್ಲಿ, ಬಾಗಿಲು ಹಾಕಿಕೊಂಡು. ಮನೆಯಲ್ಲಿ ಒಂದು ಮಗುವೂ ಇರಲಿಲ್ಲ. ಈ ಕೆಲಸ ಹಿಡಿದು 8 ವರ್ಷ ಆಯ್ತು, ಇದೇ ಮೊದಲು. ಹಸಿರು ಛತ್ರಿಯಾಣೆ.

ಫೋನಲ್ಲಿ ಹೇಳೋಕೆ ಹೋದರೆ ನೀನು ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಊರೆಲ್ಲ ಓದುತ್ತದೆ ಅಂತ ಗೊತ್ತು. ಓದಲಿ ಬಿಡು. ನನ್ನ ಹಾಗೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಒಬ್ಬಿಬ್ಬರಾದರೂ ಇರುತ್ತಾರೆ.

ಈಗ ಮೂರು ಮಕ್ಕಳು ಬರುತ್ತವೆ. ನಿಜವಾದ ಹೆಸರು ಬೇಡ. ದೊಡ್ಡವನು ಜಡ್ಜ್ ಸಾಹೇಬ, ಮೂರು ವರ್ಷ, ಯಾವ ಅರ್ಜಿಯನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ನಡುವಿನವಳು ರೇಡಿಯೋ, ಆಫ್ ಬಟನ್ ಇಲ್ಲ. ಚಿಕ್ಕದು 9 ತಿಂಗಳ ಕೂಸು, ಇನ್‌ಸ್ಪೆಕ್ಟರ್. ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ತನಿಖೆ ಮಾಡುತ್ತದೆ.

'ನಿನಗೇ ಹುಷಾರು ತಪ್ಪಿದರೆ ಯಾರು ನೋಡ್ತಾರೆ?' ಅಂತ ನೀನು ಕೇಳುತ್ತಲೇ ಇದ್ದೆ. 'ನನಗೆ ಹುಷಾರು ತಪ್ಪಲ್ಲ' ಅಂತ ಜಂಬ ಕೊಚ್ಚುತ್ತಿದ್ದೆ. ಕೊನೆಗೂ ಬದಲಿ ಜನ ಹುಡುಕಲು ಕೂತೆ. 'ಯಾವಾಗ ಬೇಕಾದ್ರೂ ಹೇಳು, ನಾನಿದ್ದೀನಿ' ಅಂದವರ ಹೆಸರು ಬರೆದೆ. ಐದು ಜನ ಸಿಕ್ಕರು. ಐವರಿಗೂ ಫೋನ್ ಮಾಡಿ, 'ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬರೋಕಾಗುತ್ತಾ?' ಅಂತ ಕೇಳಿದೆ. 'ಓ, ಮಂಗಳವಾರಾನಾ...' ಆ ಎಳೆತ ಇದೆಯಲ್ಲ, ಅದರಲ್ಲೇ ಉತ್ತರ ಇತ್ತು. ಅವರದ್ದು ತಪ್ಪಲ್ಲ. ಯಾವಾಗ ಬೇಕಾದರೂ ಅನ್ನೋ ದಿನ ಕ್ಯಾಲೆಂಡರಿನಲ್ಲಿ ಇರುವುದಿಲ್ಲ, ಅಷ್ಟೆ.

ಕೊನೆಗೆ ಒಪ್ಪಿದ್ದು ನನ್ನದೇ ಕೆಲಸ ಮಾಡುವ ಇನ್ನೊಬ್ಬಾಕೆ. ನನಗೆ ಆಗದಿದ್ದಾಗ ಅವಳು, ಅವಳಿಗೆ ಆಗದಿದ್ದಾಗ ನಾನು. ಆದರೆ ಮೂವರನ್ನೂ ತೆಗೆದುಕೊಳ್ಳಲ್ಲ ಅಂದಳು. ಅವಳ ಬಳಿ ಆಗಲೇ ಇಬ್ಬರಿದ್ದಾರೆ. ಒಬ್ಬರು ಇಷ್ಟೇ ಮಕ್ಕಳನ್ನು ನೋಡಬಹುದು ಅನ್ನುವ ಲೆಕ್ಕ ಇರುತ್ತೆ, ಅದರಲ್ಲೂ ವರ್ಷ ತುಂಬದ ಕೂಸು ಇದ್ದರೆ ಲೆಕ್ಕ ಇನ್ನೂ ಬಿಗಿ. ಅವಳ ಲೆಕ್ಕ ಇನ್ನೂ ಸರಳ. 'ಮನೆಗೆ ಬೆಂಕಿ ಬಿದ್ದರೆ ಎರಡು ಕೈಯಲ್ಲಿ ಎಷ್ಟು ಜನರನ್ನ ಎತ್ಕೊಂಡು ಓಡ್ತೀಯ?' ಸರಿ, ಇಬ್ಬರು ಅವಳ ಮನೆಗೆ, ರೇಡಿಯೋಗೆ ಅವಳ ಅಪ್ಪ ರಜೆ ಹಾಕುತ್ತಾರೆ ಅಂತ ಆಯ್ತು. ಮೂರೂ ಮನೆಯವರು ಒಪ್ಪಿ ಸಹಿ ಹಾಕಿದರು. ಮಗು ಯಾರ ಮನೆಯಲ್ಲಿರುತ್ತೋ ಆ ದಿನದ ದುಡ್ಡು ಅವರಿಗೆ.

ಕಷ್ಟ ಆಗಿದ್ದು ಇನ್‌ಸ್ಪೆಕ್ಟರ್ ಜೊತೆ. ಎಂಟು ಒಂಬತ್ತು ತಿಂಗಳಿಗೆ ಕೂಸುಗಳಿಗೆ ಹೊಸ ಮುಖ ಅಂದರೆ ಆಗಲ್ಲ, ಬಾಯಿ ಬಿಟ್ಟು ಅಳುತ್ತವೆ. ಹಾಗಂತ ಹುಷಾರು ತಪ್ಪಿದ ದಿನವೇ ಹೊಸಬರ ಕೈಗೆ ಕೊಡೋಕಾಗುತ್ತಾ? ಅದಕ್ಕೆ ಮೊದಲೇ ಮೂರು ಸಲ ಅವಳನ್ನು ಮನೆಗೆ ಕರೆಸಿದೆ. ಬಂದವಳು ಕೂಸನ್ನು ಎತ್ತಿಕೊಳ್ಳಲೂ ಇಲ್ಲ, ಮಾತಾಡಿಸಲೂ ಇಲ್ಲ. ನೆಲದ ಮೇಲೆ ಕೂತು ಡಬ್ಬಿಗಳ ಮುಚ್ಚಳ ಹಾಕುವುದು, ತೆಗೆಯುವುದು. ಮೊದಲ ದಿನ ಕೂಸು ನನ್ನ ಕುತ್ತಿಗೆ ಬಿಡಲಿಲ್ಲ. ಎರಡನೇ ಸಲ ನನ್ನ ಕಾಲ ಹಿಂದಿನಿಂದ ಇಣುಕಿತು. ಮೂರನೇ ಸಲ ತೆವಳಿಕೊಂಡು ಹೋಗಿ, ಅವಳ ಕೈಯಿಂದ ಮುಚ್ಚಳ ಕಿತ್ತುಕೊಂಡು, ಅವಳ ಮಂಡಿ ಹಿಡಿದು ನಿಂತಿತು. ನನಗೆ ಸಂತೋಷ ಆಗಬೇಕಿತ್ತು. ಒಂದು ನಿಮಿಷ ಹೊಟ್ಟೆಕಿಚ್ಚಾಯ್ತು, ನಗಬೇಡ.

ಆಮೇಲೆ ಪುಸ್ತಕ ಬರೆಯೋಕೆ ಕೂತೆ. ಒಂದೊಂದು ಮಗುವಿಗೆ ಒಂದೊಂದು ಪುಟ. ಸಂಜೆ ಯಾರು ಬಂದರೆ ಕಳಿಸಬಹುದು, ಯಾರು ಬಂದರೂ ಕಳಿಸಬಾರದು. ಯಾವುದು ಮೈಗಾಗುವುದಿಲ್ಲ. ಜ್ವರದ ಔಷಧಿ ತೂಕ ನೋಡಿಯೇ ಕೊಡಬೇಕು, ಅದೂ ಅವರಮ್ಮನಿಗೆ ಕೇಳಿ. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಬೇಕು, ದಿಂಬು ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು, ಅಡ್ಡ ಕತ್ತರಿಸಿದರೆ ಗಂಟಲಿಗೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತೆ. ಜಡ್ಜ್ ಸಾಹೇಬನ ಪುಟದಲ್ಲಿ ಕೊನೆಗೆ ಬರೆದೆ: ಕಿವಿ ಹಿಡಿದುಕೊಂಡು ಮಲಗುತ್ತಾನೆ.

ಇಷ್ಟು ವರ್ಷ ಇಲ್ಲದ ಬುದ್ಧಿ ಈಗ ಎಲ್ಲಿಂದ ಬಂತು ಅಂತ ನೀನು ಕೇಳೇ ಕೇಳ್ತೀಯ. ಇದನ್ನು ಬರೀಬೇಕು ಅಂತ ಕೂತಿರಲಿಲ್ಲ.

ನನ್ನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ, ನೀನೂ ನೋಡಿದ್ದೀಯ. ವಾಂತಿ ಭೇದಿ ನಿಂತು 48 ಗಂಟೆ ಆಗುವ ತನಕ ಮಗುವನ್ನು ಕಳಿಸಬೇಡಿ. ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಆದರೆ ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಬೇಕು. ಎಷ್ಟು ಅಪ್ಪ ಅಮ್ಮಂದಿರನ್ನು ಆ ಚೀಟಿ ತೋರಿಸಿ ವಾಪಸ್ ಕಳಿಸಿದ್ದೇನೆ! ಅದೇ ನಾನು, ಎರಡು ತಿಂಗಳ ಹಿಂದೆ 102 ಡಿಗ್ರಿ ಜ್ವರದಲ್ಲಿ ಬಾಗಿಲು ತೆಗೆದೆ. ಮಕ್ಕಳು ಬರುವ ಅರ್ಧ ಗಂಟೆ ಮೊದಲು ಮಾತ್ರೆ ನುಂಗಿ, ಮುಖ ತೊಳೆದು, ನಕ್ಕೊಂಡು. ಅದು ಮೊದಲ ಸಲವೂ ಅಲ್ಲ.

ಮಧ್ಯಾಹ್ನ ದೊಡ್ಡವರಿಬ್ಬರು ಮಲಗಿದ್ದರು. ಕೂಸು ಚಾಪೆಯ ಮೇಲೆ ಆಡುತ್ತಿತ್ತು. ನಾನು ಗೋಡೆಗೆ ಒರಗಿದೆ. ಗಡಿಯಾರದಲ್ಲಿ 2.10. ಕಣ್ಣು ಬಿಟ್ಟಾಗ 2.25. ಚಾಪೆ ಖಾಲಿ.

ಮೇಜಿನ ಕೆಳಗಿತ್ತು ಕಣೋ. ಬಾಯಲ್ಲಿ ಜಡ್ಜ್ ಸಾಹೇಬನ ಕಾಲುಚೀಲ. ನನ್ನನ್ನು ನೋಡಿ ನಕ್ಕಿತು. ಅದೊಂದು ಕಾಲುಚೀಲ ಆಗಿತ್ತು, ನಾಣ್ಯ ಆಗಿರಲಿಲ್ಲ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ಸಂಜೆ ಕೂಸಿನ ಅಮ್ಮ 'ಹೇಗಿತ್ತು ಇವತ್ತು?' ಅಂದರು. 'ಆರಾಮಾಗಿ ಆಡ್ಕೊಂಡಿತ್ತು' ಅಂದೆ. ಸುಳ್ಳಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚೋದು.

ಇದನ್ನು ಇಲ್ಲಿ ಹಾಕುವ ಮೊದಲು ಅವರಿಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೂಸನ್ನು ಬಿಡಿಸಲಿಲ್ಲ, ಈಗಲೂ ಕಳಿಸುತ್ತಾರೆ. ಆದರೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನನ್ನ ಮುಖ ನೋಡಿ, 'ನೀವು ಹುಷಾರಾಗಿದ್ದೀರಾ?' ಅಂತ ಕೇಳುತ್ತಾರೆ. ಅದು ಪ್ರೀತಿನಾ, ತಪಾಸಣೆನಾ, ನನಗೆ ಇನ್ನೂ ಗೊತ್ತಾಗಿಲ್ಲ. ಎರಡಾದರೂ ನನಗೆ ಬರಬೇಕಾದ್ದೇ.

ನಾಳೆಗೆ ಬದಲಿ ಸಿಕ್ಕಿದರೆ ಮುಗೀತು ಅಂದುಕೊಂಡಿದ್ದೆ. ಆದರೆ ಆ ಹದಿನೈದು ನಿಮಿಷಕ್ಕೆ ಯಾರು? ನಾನೇ ಬಿದ್ದುಹೋದರೆ ಬಾಗಿಲು ತೆಗೆಯೋರು ಯಾರು, ಜಡ್ಜ್ ಸಾಹೇಬನಾ? ಕೊನೆಗೆ ಮಹಡಿ ಮೇಲಿನ ಅಜ್ಜಿಗೆ ಒಂದು ಬೀಗದ ಕೈ ಕೊಟ್ಟೆ. 'ನನಗೆ ಮಂಡಿನೋವು ಕಣಮ್ಮ, ಮಕ್ಕಳ ಹಿಂದೆ ಓಡೋಕಾಗಲ್ಲ' ಅಂದರು. ಓಡೋದು ಬೇಡ, ಬಂದು ಬಾಗಿಲಿಗೆ ಅಡ್ಡ ಕೂತು ಈ ಕಾಗದದಲ್ಲಿರೋ ನಂಬರಿಗೆಲ್ಲ ಫೋನ್ ಮಾಡಿ ಸಾಕು ಅಂದೆ. ಒಂದು ದಿನ ಹೇಳದೆ ಕೇಳದೆ ಪರೀಕ್ಷೆಗೆ ಫೋನ್ ಮಾಡಿದೆ. 2 ನಿಮಿಷ 40 ಸೆಕೆಂಡಿಗೆ ಬಂದರು, ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು. ಸುಮ್ನೆ ಕರೆದೆ ಅಂತ ಗೊತ್ತಾದ ಮೇಲೆ ಎರಡು ದಿನ ಮಾತು ಬಿಟ್ಟಿದ್ದರು, ಅದು ಬೇರೆ ವಿಷಯ.

ಹೋದ ವಾರ ಬೆಳಗಿನ ಜಾವ ವಾಂತಿ ಶುರುವಾಯ್ತು. ಐದೂವರೆಗೆ ಎಲ್ಲರಿಗೂ ಫೋನ್ ಮಾಡಿದೆ. ಮಾತ್ರೆ ನುಂಗಲಿಲ್ಲ, ನಗಲೂ ಇಲ್ಲ. ವಾಂತಿ ನಿಂತ ಮೇಲೂ ಬಾಗಿಲ ಚೀಟಿಯ 48 ಗಂಟೆಯನ್ನು ನನಗೂ ಹಾಕಿಕೊಂಡೆ. ಮಲಗಿಕೊಂಡು ಮಾಡಿದ್ದೇನು ಗೊತ್ತಾ? ಗಡಿಯಾರ ನೋಡಿದ್ದು. ಈಗ ಕೂಸಿಗೆ ಹಸಿವಾಗಿರುತ್ತೆ, ಈಗ ರೇಡಿಯೋ ವಾರ್ತೆ ಓದ್ತಿರುತ್ತೆ. ಮಕ್ಕಳ ಕಡೆಯಿಂದ ಫೋನ್ ಬರಲೇ ಇಲ್ಲ. ಯಾರೂ ನನಗೋಸ್ಕರ ಅಳ್ತಾ ಇಲ್ವಾ ಅಂತ ಒಳಗೊಳಗೇ ಬೇಜಾರು. ಇಂಥ ಹೆಂಗಸಿನ ಕೈಗೆ ಮಕ್ಕಳನ್ನು ಕೊಡ್ತಾರಲ್ಲ!

ಮಧ್ಯಾಹ್ನ ಒಂದು ಗಂಟೆಗೆ ನನ್ನ ಬದಲಿಯವಳ ಫೋನ್ ಬಂತು. ಎದ್ದು ಕೂತೆ. ಹಿಂದಿನಿಂದ ಜಡ್ಜ್ ಸಾಹೇಬನ ವಾದ ಕೇಳಿಸುತ್ತಿತ್ತು. ಅವಳು ಪಿಸುಗುಟ್ಟಿದಳು: 'ಕಿವಿ ಅಂತ ಬರೆದಿದ್ದೀಯ. ಯಾರ ಕಿವಿ? ಅವನದ್ದಾ, ನನ್ನದ್ದಾ?'

'ನಿನ್ನದು. ಎಡಗಡೆದು.'

ಹತ್ತು ನಿಮಿಷ ಬಿಟ್ಟು ಮೆಸೇಜ್ ಬಂತು. 'ಮಲಗಿದ. ಓಲೆ ತೆಗೆದಿಡು ಅಂತ ಬರೆಯೋಕೇನಾಗಿತ್ತು ನಿನಗೆ?'

ಸೇರಿಸಿದ್ದೇನೆ. ನೀನು ಬರುವಾಗ ಛತ್ರಿ ಮರೀಬೇಡ.

ನಿನ್ನ,
ಮೂರನೇ ಬೆಂಚು