ನೀಲಿ ಕಮಾನಿನಡಿ ಕಪ್ಪಾಗುವ ಕುಂಕುಮ

ಮಾನ್ಯರೇ,

ದಸರಾ ದೀಪಾಲಂಕಾರ ನೋಡಲು ಮೈಸೂರಿನ ಸಯ್ಯಾಜಿರಾವ್ ರಸ್ತೆಗೆ ಬಂದವರೆಲ್ಲ ಬಣ್ಣದ ಕಮಾನಿನಡಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮನೆಗೆ ಹೋಗಿ ನೋಡಿದರೆ ಮುಖವೆಲ್ಲ ನೇರಳೆ, ಹಣೆಯ ಕುಂಕುಮ ಕಪ್ಪು. ಬೈಗುಳ ಬೀಳುವುದು ಮೊಬೈಲಿಗೆ. ತಪ್ಪು ಇರುವುದು ನಿಂತ ಜಾಗದಲ್ಲಿ.

ಹಳೆಯ ಹಳದಿ ಬಲ್ಬಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಇರುತ್ತವೆ. ನೀಲಿ ಎಲ್‌ಇಡಿಯಲ್ಲಿ ನೀಲಿ ಬಿಟ್ಟರೆ ಬೇರೇನೂ ಇಲ್ಲವೆನ್ನಬಹುದು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಉಳಿದ ಒಂದು ನೀಲಿಗೆ. ಹೀಗಾಗಿ ಮುಕ್ಕಾಲು ಪಾಲು ಬಿಂದುಗಳಿಗೆ ಅಲ್ಲಿ ಕೆಲಸವೇ ಇಲ್ಲ. ಚಿತ್ರ ರವೆ ಚೆಲ್ಲಿದಂತಾಗುತ್ತದೆ. ಕುಂಕುಮಕ್ಕೆ ಮರಳಿಸಲು ಕೆಂಪು ಬೆಳಕೇ ಸಿಗದಿದ್ದರೆ ಕಪ್ಪಾಗದೆ ಇನ್ನೇನು? ಕೆಂಪು ದೀಪದಡಿ ಇದರ ಉಲ್ಟಾ: ಕುಂಕುಮ ಹಣೆಯಲ್ಲೇ ಕರಗಿಹೋಗುತ್ತದೆ, ತುಟಿ ಕಾಣುವುದಿಲ್ಲ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗನ್ನು ಎಷ್ಟು ತಿರುಗಿಸಿದರೂ ಇಲ್ಲದ ಬಣ್ಣ ಬಾರದು.

ಕಮಾನು ಬೆನ್ನಿಗಿರಲಿ, ಮುಖ ಅಂಗಡಿಯ ಕಡೆಗಿರಲಿ. ಬೇಕರಿ ಅಥವಾ ಸಿಹಿತಿಂಡಿ ಅಂಗಡಿಯ ಬಿಳಿ ಬೆಳಕಿನಿಂದ ಐದಾರು ಅಡಿ ದೂರ ನಿಂತು, ಬಣ್ಣದ ಸರಗಳು ಹಿಂದೆ ಮೂವತ್ತು ಅಡಿಯಾಚೆ ಇದ್ದರೆ 50 ಎಂಎಂ ಲೆನ್ಸಿನ ಕಂಡಿಯನ್ನು ಎಫ್ 1.8ರಷ್ಟು ಅಗಲ ತೆರೆದಾಗ ಅವು ದುಂಡು ದುಂಡಾಗಿ ಅರಳುತ್ತವೆ. ಅಂಗಡಿ ಸಿಗದಿದ್ದರೆ ಇನ್ನೊಂದು ಮೊಬೈಲಿನ ಟಾರ್ಚ್ ಸಾಕು. ಅದರ ಮೇಲೆ ಬಿಳಿ ಕರ್ಚೀಫನ್ನು ಎರಡು ಮಡಿಕೆ ಹಾಕಿ, ಮುಖದಿಂದ ಮೂರಡಿ ದೂರ, ಪಕ್ಕದಿಂದ, ಕಣ್ಣಿಗಿಂತ ಒಂದು ಗೇಣು ಮೇಲೆ ಹಿಡಿಯಬೇಕು. ಕ್ಯಾಮೆರಾ ಪಕ್ಕದಲ್ಲೇ ಹಿಡಿದರೆ ಮುಖಕ್ಕೆ ಸುಣ್ಣ ಬಳಿದಂತಿರುತ್ತದೆ.

ಚಿತ್ರದಲ್ಲಿ ಬೀಳುವ ಅಡ್ಡ ಪಟ್ಟೆಗಳ ಕಾಟ ಬೇರೆ. ನಮ್ಮ ಕರೆಂಟು 50 ಹರ್ಟ್ಸ್; ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ತೆರೆದಿರುವ ಹೊತ್ತು 1/100 ಅಥವಾ 1/50 ಸೆಕೆಂಡು ಇದ್ದರೆ ಸರಿ, 1/250ಕ್ಕೆ ಏರಿಸಿದರೆ ಪಟ್ಟೆ ಬಿತ್ತೆಂದೇ ಲೆಕ್ಕ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ. ಓಡುವ ದೀಪಗಳ ಕಂಟ್ರೋಲರ್‌ಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ; ಅಲ್ಲಿ 1/30ಕ್ಕೆ ಇಳಿದು ನಾಲ್ಕೈದು ಸಲ ಕ್ಲಿಕ್ಕಿಸುವುದೇ ದಾರಿ. ಮೊಬೈಲಿನ ನೈಟ್ ಮೋಡ್ ಒಂದೆರಡು ಸೆಕೆಂಡು ಚಿತ್ರ ಕೂಡಿಸುತ್ತಾ ಕೂರುತ್ತದೆ. ಅಷ್ಟು ಹೊತ್ತು ಅಲುಗದೆ ನಿಲ್ಲುವ ಮಗುವನ್ನು ಎಲ್ಲಿಂದ ತರುವುದು? ಮಕ್ಕಳಿಗೆ ಅದು ಬೇಡ.

ಅರಮನೆಯದು ಬೇರೆಯೇ ಸುಖ. ಸುಮಾರು 97 ಸಾವಿರ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ ಅಂಗಳದಲ್ಲಿ ಬೀಳುವಂಥ ಮೆತ್ತನೆಯ ಬೆಳಕು ಯಾವ ಸ್ಟುಡಿಯೊದಲ್ಲೂ ಇಲ್ಲ. ಆದರೆ ಎಲ್ಲರೂ ಅದಕ್ಕೆ ಬೆನ್ನು ಹಾಕಿ ನಿಂತು ಮುಖ ಕತ್ತಲು ಮಾಡಿಕೊಳ್ಳುತ್ತಾರೆ! ಅರಮನೆಗೆ ಮುಖ ಮಾಡಿಸಿ; ಹಿನ್ನೆಲೆಗೆ ಪೂರ್ವದ ಜಯಮಾರ್ತಾಂಡ ದ್ವಾರ ಇದ್ದೇ ಇದೆ. ಎಫ್ 1.8, ಶಟರ್ 1/100, ಬೆಳಕಿಗೆ ಸ್ಪಂದಿಸುವ ಮಟ್ಟ ಅಂದರೆ ಐಎಸ್‌ಒ 1600ರಿಂದ ಶುರು ಮಾಡಿ. ವೈಟ್ ಬ್ಯಾಲೆನ್ಸ್ 3500 ಕೆಲ್ವಿನ್ ಆಸುಪಾಸು ಇರಲಿ, ಇನ್ನೂ ಇಳಿಸಿದರೆ ಆ ಹೊನ್ನಿನ ಬಣ್ಣವೇ ತೊಳೆದುಹೋಗುತ್ತದೆ. ಏಳಕ್ಕೆ ದೀಪ ಹೊತ್ತುವಷ್ಟರಲ್ಲಿ ಆಕಾಶ ಕಪ್ಪಾಗಿರುತ್ತದೆ, ಅದಕ್ಕೆ ಚೌಕಟ್ಟಿನಲ್ಲಿ ಜಾಗ ಕೊಡುವುದು ದಂಡ.

ದೀಪಾಲಂಕಾರದ ಹೊಣೆ ಹೊತ್ತವರಲ್ಲಿ ಒಂದು ಕೋರಿಕೆ. ಜನ ಫೋಟೊಕ್ಕೆ ಮುಗಿಬೀಳುವ ವೃತ್ತಗಳಲ್ಲಿ, ಕಮಾನಿನ ಎದುರು, ಹತ್ತಡಿ ಎತ್ತರದಲ್ಲಿ, ಮಿಣುಕದ ವಾರ್ಮ್ ವೈಟ್ ದೀಪ ಒಂದೆರಡನ್ನು ಮುಖಕ್ಕೆ ಬೀಳುವಂತೆ ಕಟ್ಟಿಸಿ. ಆ ದೀಪದ ಜಾಗ ರಸ್ತೆಯಂಚಿನಲ್ಲೇ ಇರಲಿ. ಆಗ ಫೋಟೊಕ್ಕೆ ನಿಲ್ಲುವವರೂ ನಡುರಸ್ತೆ ಬಿಟ್ಟು ಅಲ್ಲಿಗೇ ಸರಿಯುತ್ತಾರೆ.

– ಹವ್ಯಾಸಿ ಛಾಯಾಗ್ರಾಹಕರು, ಮೈಸೂರು